ಹಾರ್ಟ್ ರಿಹ್ಯಾಬ್, 12 ಸಲ: ಟ್ರೆಡ್‌ಮಿಲ್‌ಗೆ ಐದು ಸ್ಟಾರ್, ಟೈಮಿಂಗಿಗೆ ಎರಡು

ಆಸ್ಪತ್ರೆ ಹೆಸರು ಹಾಕುತ್ತಿಲ್ಲ. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆ, ಅಷ್ಟು ಸಾಕು. ಬೈಯೋದೂ ಇದೆ, ಹೊಗಳೋದೂ ಇದೆ. ಸ್ಟೆಂಟ್ (ಹಾರ್ಟಿನ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡು ಮನೆಗೆ ಬಂದು, ಈ ರಿಹ್ಯಾಬ್ (ಹಾರ್ಟ್ ಚೇತರಿಸಿಕೊಳ್ಳಲು ಆಸ್ಪತ್ರೆಯಲ್ಲಿ ಮಾಡಿಸುವ ವ್ಯಾಯಾಮ, ಸಲಹೆ) ಅಂತ ಬರೆದಿದ್ದಾರಲ್ಲ, ಹೋಗೋದಾ ಬೇಡವಾ ಅಂತ ಚೀಟಿ ಹಿಡಿದು ಕೂತಿರುವ ಹೆಂಗಸರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನನಗೆ 51 ವರ್ಷ. ನಿಟ್ಟುವಳ್ಳಿಯಲ್ಲಿ ಮನೆಯಲ್ಲೇ ರೊಟ್ಟಿ ಮಾಡಿ ಮಾರುತ್ತೇನೆ. ಸಂಕ್ರಾಂತಿ ಹೊತ್ತಿಗೆ ಆರ್ಡರ್ ಜಾಸ್ತಿ ಇತ್ತು. ಅವತ್ತು ಮೂವತ್ತು ರೊಟ್ಟಿ ತಟ್ಟುವಷ್ಟರಲ್ಲಿ ಕೈ ಏಳಲಿಲ್ಲ. ಎದೆನೋವು ಅಂತ ಏನೂ ಇರಲಿಲ್ಲ. ಬೆನ್ನಿನ ನಡುವೆ ಹಿಡಿದಂಗೆ, ದವಡೆ ಸೆಳೆತ, ವಾಕರಿಕೆ. ಗ್ಯಾಸ್ಟ್ರಿಕ್ ಅಂದುಕೊಂಡು ಓಂಕಾಳು ನೀರು ಕುಡಿದು ಒಂದೂವರೆ ದಿನ ತಳ್ಳಿದೆ. ಆಮೇಲೆ ಇಸಿಜಿ, ಹಾರ್ಟ್ ಅಟ್ಯಾಕ್ ಅಂದರು, ಅಲ್ಲಿಂದ ಸೀದಾ ಕ್ಯಾಥ್‌ಲ್ಯಾಬ್ (ಹಾರ್ಟಿನ ರಕ್ತನಾಳ ನೋಡಿ ಸ್ಟೆಂಟ್ ಹಾಕುವ ಕೋಣೆ), ಮಣಿಕಟ್ಟಿನಿಂದ ತೂರಿಸಿ ಒಂದು ಸ್ಟೆಂಟ್. ಹೆಂಗಸರಿಗೆ ಎಷ್ಟೋ ಸಲ ಹಾರ್ಟ್ ಅಟ್ಯಾಕ್ ಹೀಗೇ ಸುಸ್ತು, ವಾಕರಿಕೆ ಅಂತಲೇ ಬರುತ್ತದೆ ಅಂತ ಗೊತ್ತಾಗಿದ್ದು ಹಾಕಿಸಿಕೊಂಡ ಮೇಲೆ.

ರಿಹ್ಯಾಬ್ 12 ಸಲ, ಒಟ್ಟು ಆರು ಸಾವಿರ. ಮೊದಲು ಮೈಯ ವಿಷಯ ಹೇಳುತ್ತೇನೆ, ಅದರಲ್ಲಿ ಕೊರತೆ ಇಲ್ಲ. ಬಿಪಿ ನೋಡಿ, ಎದೆಗೆ ವೈರ್ ಅಂಟಿಸಿ ಟ್ರೆಡ್‌ಮಿಲ್ ಮೇಲೆ ನಿಲ್ಲಿಸುತ್ತಾರೆ. ಫಿಸಿಯೋಥೆರಪಿ ಹುಡುಗಿ ಪಕ್ಕದಲ್ಲೇ ನಿಂತು ಮಾತಾಡಿಸುತ್ತಾಳೆ. ಸುಮ್ನೆ ಹರಟೆ ಅಂದುಕೊಂಡಿದ್ದೆ. ಅಲ್ಲವಂತೆ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅದೇ ಸರಿಯಾದ ವೇಗ. ಮೊದಲ ದಿನ ಎಂಟು ನಿಮಿಷಕ್ಕೆ ಕಾಲು ನಡುಗಿತು, ಕೊನೆಯ ಸಲ ಅರ್ಧ ಗಂಟೆ ನಡೆದೆ. ಈಗ ಕುಂದವಾಡ ಕೆರೆ ಹತ್ತಿರ ಒಬ್ಬಳೇ ವಾಕಿಂಗ್ ಹೋಗುತ್ತೇನೆ.

ಡಯಟ್ ಹಾಳೆ ಮಾತ್ರ ಯಾವ ಊರಿನದೋ. ಓಟ್ಸ್ ಅಂತೆ, ಬ್ರೌನ್ ಬ್ರೆಡ್ ಅಂತೆ, ಆಲಿವ್ ಎಣ್ಣೆ ಅಂತೆ. ರೊಟ್ಟಿ ಮಾರುವವಳ ಕೈಗೆ ಇದನ್ನು ಕೊಟ್ಟರೆ ಹೆಂಗೆ? ಕೇಳಿದ್ದಕ್ಕೆ ಡಯಟಿಶಿಯನ್ ನಕ್ಕು ಪೆನ್ನಿನಲ್ಲಿ ಬರೆದುಕೊಟ್ಟರು: ಜೋಳದ ರೊಟ್ಟಿ, ಮುದ್ದೆ, ಕಾಳುಪಲ್ಯ ತಿನ್ನಿ. ಉಪ್ಪಿನಕಾಯಿ, ಚಟ್ನಿಪುಡಿಯ ಉಪ್ಪು ನೋಡಿಕೊಳ್ಳಿ. ಬೆಣ್ಣೆ ದೋಸೆ ಮರೆತುಬಿಡಿ. ದಾವಣಗೆರೆಯಲ್ಲಿ ಕೂತು ಬೆಣ್ಣೆ ದೋಸೆ ಮರೆಯಬೇಕಂತೆ!

ಇನ್ನು ಟೈಮಿಂಗ್. ಇರುವುದು ಒಂದೇ ಬ್ಯಾಚ್, ಬೆಳಿಗ್ಗೆ ಆರೂವರೆಯಿಂದ ಎಂಟು. ಹದಿನಾಲ್ಕು ಜನರಲ್ಲಿ ಹೆಂಗಸರು ಇಬ್ಬರೇ, ನಾನು ಮತ್ತು ಹರಿಹರದ ಒಬ್ಬ ಅಕ್ಕ. ಆ ಅಕ್ಕ ಮೂರನೇ ಸಲಕ್ಕೆ ಬಿಟ್ಟರು. ಆರೂವರೆ ಅಂದರೆ ನಲ್ಲಿ ನೀರು ಹಿಡಿಯುವ ಹೊತ್ತು, ಮೊಮ್ಮಗನ ಡಬ್ಬಿ ಕಟ್ಟುವ ಹೊತ್ತು. ಗಂಡಸರು ತಿಂಡಿಗೆ ಮೊದಲು ಆರಾಮಾಗಿ ಬಂದು ಹೋಗುತ್ತಾರೆ. ರಿಹ್ಯಾಬ್‌ಗೆ ಹೆಂಗಸರು ಕಡಿಮೆ ಬರುವುದು ಎಲ್ಲಾ ಕಡೆ ಇದ್ದದ್ದೇ ಅಂತ ಡಾಕ್ಟರೇ ಹೇಳಿದರು. ಗೊತ್ತಿದ್ದರೆ ಹನ್ನೊಂದು ಗಂಟೆಗೆ ಇನ್ನೊಂದು ಬ್ಯಾಚ್ ಇಡಬಾರದಾ? ಕೌಂಟರಿನಲ್ಲಿ ಕೇಳಿದೆ. ‘ಮೇಲಿನವರಿಗೆ ಹೇಳ್ತೀವಿ ಅಮ್ಮಾರೆ’ ಅಂದರು. ಎರಡು ಸ್ಟಾರ್ ಅದಕ್ಕೇ.

ಈಗ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ, ಆ ಒಂಬತ್ತು ಪ್ರಶ್ನೆಯ ಫಾರಂ.

ಮೊದಲ ದಿನವೇ ನರ್ಸ್ ಅದನ್ನು ಹಿಡಿದುಕೊಂಡು ಬಂದಳು. ಕಳೆದ ಎರಡು ವಾರದಲ್ಲಿ ಮನಸ್ಸಿಗೆ ಬೇಜಾರು ಎಷ್ಟು ದಿನ, ಯಾವುದರಲ್ಲೂ ಆಸಕ್ತಿ ಇಲ್ಲದ್ದು ಎಷ್ಟು ದಿನ, ನಿದ್ದೆ ಹೆಂಗೆ, ಹಸಿವು ಹೆಂಗೆ. ಒಂದೊಂದಕ್ಕೂ ಸೊನ್ನೆಯಿಂದ ಮೂರು, ಒಟ್ಟು 27. ಹತ್ತು ಅಥವಾ ಮೇಲೆ ಬಂದರೆ ಖಿನ್ನತೆ ಇದೆಯಾ ಅಂತ ಸರಿಯಾಗಿ ನೋಡಬೇಕು. ಈ ಕಡೆ ನಮ್ಮನೆಯವರು, ಆ ಕಡೆ ಅತ್ತೆ. ನರ್ಸ್ ಜೋರಾಗಿ ಓದಿದಳು, ನಾನು ಜೋರಾಗಿ ‘ಏನಿಲ್ಲ, ಏನಿಲ್ಲ’ ಅಂದೆ. ‘ಸತ್ತರೇ ಮೇಲು ಅನಿಸಿದೆಯಾ’ ಅನ್ನುವುದೂ ಅದರಲ್ಲಿದೆ. ಅತ್ತೆ ಎದುರಿಗೆ ಅದಕ್ಕೆ ಯಾರು ಉತ್ತರ ಕೊಡುತ್ತಾರೆ? ಸುಸ್ತು ಒಂದಕ್ಕೆ ಎರಡು ಹಾಕಿಸಿದೆ. ಒಟ್ಟು ಎರಡು. ‘ಗುಡ್’ ಅಂತ ಬರೆದುಕೊಂಡು ಹೋದಳು.

ನಿಜ ಏನೆಂದರೆ, ಮನೆಗೆ ಬಂದ ಐದನೇ ದಿನಕ್ಕೆ ಒಲೆ ಮುಂದೆ ನಿಂತಿದ್ದೆ. ಬೆಳಗಿನ ಜಾವ ಮೂರಕ್ಕೆ ಎಚ್ಚರ. ಹಿಟ್ಟು ನಾದುತ್ತಾ ನಾದುತ್ತಾ ಕಣ್ಣೀರು ಪರಾತಕ್ಕೆ ಬೀಳುತ್ತಿತ್ತು. ಯಾಕೆ ಅಂತ ಕೇಳಿದರೆ ಹೇಳಲು ಏನೂ ಇರಲಿಲ್ಲ. ಸಂಜೆ ಮಾತ್ರೆ ಎರಡು ಮೂರು ಸಲ ಬಿಟ್ಟೆ. ಮರೆತಿರಲಿಲ್ಲ, ತಗೊಂಡು ಏನಾಗಬೇಕು ಅನಿಸಿತ್ತು.

ಟ್ರೆಡ್‌ಮಿಲ್ ಹುಡುಗಿಗೆ ಇದು ಹೇಗೆ ಗೊತ್ತಾಯಿತೋ. ಐದನೇ ಸಲ ನಾನು ಮಾತೇ ಆಡಲಿಲ್ಲ, ಅದಿರಬೇಕು. ಗುರುವಾರ ಬರುವ ಕೌನ್ಸೆಲರ್ ಹತ್ತಿರ ಕರೆದುಕೊಂಡು ಹೋಗಿ, ನಮ್ಮನೆಯವರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿದಳು. ಅದೇ ಒಂಬತ್ತು ಪ್ರಶ್ನೆ. ಈ ಸಲ ಹದಿನಾಲ್ಕು ಬಂತು. ಕೊನೆಯ ಪ್ರಶ್ನೆಗೆ ‘ಕೆಲವು ದಿನ’ ಅಂದೆ. ಕೌನ್ಸೆಲರ್ ಪೆನ್ನು ಕೆಳಗಿಟ್ಟು ಅದೊಂದರ ಬಗ್ಗೆಯೇ ಅರ್ಧ ಗಂಟೆ ಮಾತಾಡಿದರು. ರಾತ್ರಿ ಹಾಗೆ ಅನಿಸಿದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟರು. ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಅವರು ಹೇಳಿದ್ದರಲ್ಲಿ ನೆನಪಿರುವಷ್ಟು ಹೇಳುತ್ತೇನೆ. ಹಾರ್ಟ್ ಅಟ್ಯಾಕ್ ಆದವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ, ಅದರಲ್ಲೂ ಅರವತ್ತರೊಳಗೆ ಅಟ್ಯಾಕ್ ಆದವರಿಗೆ ಇನ್ನೂ ಜಾಸ್ತಿ. ಖಿನ್ನತೆ ಇದ್ದವರು ಮಾತ್ರೆ ಬಿಡುತ್ತಾರೆ, ನಡೆಯುವುದು ಬಿಡುತ್ತಾರೆ, ಹಾರ್ಟಿಗೆ ಮತ್ತೆ ತೊಂದರೆ ಆಗುವುದೂ ಅವರಿಗೇ ಜಾಸ್ತಿ. ಸುಸ್ತು, ನಿದ್ದೆ ಇಲ್ಲದ್ದು ಹಾರ್ಟಿನಿಂದಲೂ ಬರುತ್ತದೆ, ಮನಸ್ಸಿನಿಂದಲೂ ಬರುತ್ತದೆ, ಹಾಗಾಗಿ ಎಷ್ಟೋ ಸಲ ಡಾಕ್ಟರಿಗೂ ತಪ್ಪಿಹೋಗುತ್ತದೆ.

ಆಮೇಲೆ ಅವರು ಗಂಡಸರ ಮಾತು ತೆಗೆದರು. ‘ಅವರಲ್ಲಿ ಕಡಿಮೆ ಕಾಣುತ್ತೆ ಅಂದ್ರೆ ಕಡಿಮೆ ಇದೆ ಅಂತಲೇ ಅಲ್ಲ. ಅಳಲ್ಲ, ಸಿಟ್ಟು ಮಾಡ್ತಾರೆ. ಕೆಲವರು ಕುಡಿಯೋಕೆ ಶುರು ಮಾಡ್ತಾರೆ.’ ನನಗೆ ಎದೆ ಧಸಕ್ಕೆಂದಿತು. ಆರು ವರ್ಷದ ಹಿಂದೆ ನಮ್ಮನೆಯವರಿಗೂ ಸ್ಟೆಂಟ್ ಹಾಕಿದ್ದರು, ಬೇರೆ ಆಸ್ಪತ್ರೆಯಲ್ಲಿ. ಮೂರು ತಿಂಗಳು ಕಿಟಕಿ ಪಕ್ಕ ಕುರ್ಚಿ, ನೋಡಲು ಬಂದವರ ಎಳನೀರು, ಮೂಸಂಬಿ. ನಾವು ಬಿಸಿ ಬಿಸಿ ಗಂಜಿ ಕೊಟ್ಟಿದ್ದೇ ಕೊಟ್ಟಿದ್ದು. ಅವರು ಉಪ್ಪಿಲ್ಲ ಅಂತ ತಟ್ಟೆ ಎಸೆಯುತ್ತಿದ್ದರು. ಅಂಗಡಿಗೆ ಹೋಗುವುದನ್ನೇ ಬಿಟ್ಟರು. ಸ್ಟೆಂಟ್ ಹಾಕಿದ ಮೇಲೆ ಸ್ವಭಾವ ಕೆಟ್ಟಿತು ಅಂತ ನಾನೇ ತಂಗಿ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಆ ಆಸ್ಪತ್ರೆಯಲ್ಲಿ ಅವರನ್ನು ಕೂರಿಸಿ ಈ ಒಂಬತ್ತರಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಅನ್ನಿ.

ನನಗೆ ಕೌನ್ಸೆಲಿಂಗ್ ಜೊತೆ ಸೈಕಿಯಾಟ್ರಿಸ್ಟ್ ಖಿನ್ನತೆಗೆ ಸರ್ಟ್ರಾಲಿನ್ ಅನ್ನುವ ಮಾತ್ರೆ ಬರೆದರು. ಹಾರ್ಟಿನ ಮಾತ್ರೆ ಜೊತೆ ಇದೆಂಥದು ಅಂತ ಹೆದರಿದೆ. ಹಾರ್ಟ್ ಅಟ್ಯಾಕ್ ಆದವರಿಗೇ ಕೊಟ್ಟು ನೋಡಿದ್ದಾರೆ, 2002ರಲ್ಲೇ ಅದರ ವರದಿ ಬಂದಿದೆ, ಹೃದಯಕ್ಕೆ ತೊಂದರೆ ಕಾಣಲಿಲ್ಲ ಅಂತ ಸೈಕಿಯಾಟ್ರಿಸ್ಟ್ ಬಿಡಿಸಿ ಹೇಳಿದರು. ರಕ್ತ ಹೆಪ್ಪುಗಟ್ಟದಿರಲು ಕೊಡುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಜೊತೆ ತಗೊಂಡರೆ ರಕ್ತಸ್ರಾವ ಆಗುವುದು ಸ್ವಲ್ಪ ಜಾಸ್ತಿ. ಅದಕ್ಕೇ ಪ್ರತಿ ಸಲ ಒಸಡಿನಲ್ಲಿ ರಕ್ತ ಬರುತ್ತಾ, ಮಲ ಕಪ್ಪಗಿದೆಯಾ ಅಂತ ಕೇಳುತ್ತಾರೆ. ಮೊದಲ ಎರಡು ವಾರ ಏನೂ ಗೊತ್ತಾಗಲಿಲ್ಲ, ಬರೀ ಹೊಟ್ಟೆ ತೊಳಸಿತು. ಐದನೇ ವಾರಕ್ಕೆ ಮೂರಕ್ಕೆ ಏಳುವುದು ನಿಂತಿತು. ಹನ್ನೆರಡನೇ ಸಲ ರಿಹ್ಯಾಬ್‌ಗೆ ಹೋದಾಗ ಮತ್ತೆ ಫಾರಂ ತುಂಬಿದೆ, ಆರು ಬಂತು. ಮಾತ್ರೆ ಇನ್ನೂ ನಡೆಯುತ್ತಿದೆ, ನಾನಾಗಿ ನಿಲ್ಲಿಸಬಾರದು ಅಂದಿದ್ದಾರೆ.

ನಮ್ಮನೆಯವರಿಗೆ ಆ ಫಾರಂ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂಬತ್ತೂ ಓದಿ, ಮಡಚಿ ಜೇಬಿಗೆ ಹಾಕಿಕೊಂಡರು. ತುಂಬಿದರೋ ಇಲ್ಲವೋ ಗೊತ್ತಿಲ್ಲ. ವಾಪಸ್ ಅಂತೂ ಕೊಟ್ಟಿಲ್ಲ.

ಒಟ್ಟು ಮೂರೂವರೆ ಸ್ಟಾರ್. ಒಂದು ಸ್ಟಾರ್ ಟೈಮಿಂಗಿಗೆ ಕತ್ತರಿ. ಅರ್ಧ ಆ ಮೊದಲ ದಿನಕ್ಕೆ: ಮನೆಮಂದಿ ಎದುರಿಗೆ ಆ ಪ್ರಶ್ನೆ ಕೇಳುವುದು ಕೇಳದೆ ಇರುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ಕಾಗದದ ಮೇಲೆ ‘ಗುಡ್’ ಅಂತ ಉಳಿದುಬಿಡುತ್ತದೆ. ಲಿಫ್ಟ್ ಇದೆ, ಪಾರ್ಕಿಂಗ್ ಇಲ್ಲ. ಕೌನ್ಸೆಲರ್ ಬರುವುದು ಗುರುವಾರ ಮಾತ್ರ, ಸೇರುವಾಗಲೇ ಚೀಟಿ ಬರೆಸಿಕೊಳ್ಳಿ. ಜೊತೆಗೆ ಬಂದವರನ್ನು ಕೆಳಗೆ ಕ್ಯಾಂಟೀನಿಗೆ ಕಳಿಸಿ. ಟೀ ಪರವಾಗಿಲ್ಲ.