ಮಟನ್ ಸ್ಟ್ರೀಟಿನ ನಾಣ್ಯದಂಗಡಿ: ಅಮೆರಿಕದ ಡೈಮ್ ಕೊಳ್ಳುವವರಿಗೆ

ಮುಂಬೈಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೇ ನಾಣ್ಯ ಮಾರುವವರಿಗೆ ಬರವಿಲ್ಲ. ಆದರೆ ಅಮೆರಿಕದ ಡೈಮ್, ಅಂದರೆ ಅವರ ಹತ್ತು ಸೆಂಟಿನ ಪುಟ್ಟ ನಾಣ್ಯವನ್ನು ತಿಳಿದುಕೊಂಡು ಮಾರುವ ಅಂಗಡಿ ನನಗೆ ಸಿಕ್ಕಿದ್ದು ಇದೊಂದೇ. ಬೋರ್ಡಿಲ್ಲ. ಒಂದು ಮೇಜು, ಒಂದು ಗಾಜಿನ ಕಪಾಟು, ಅಷ್ಟೇ. ಮಾಲೀಕರನ್ನು ಎಲ್ಲರೂ ಚಾಚಾ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಮುಂಬೈಯಲ್ಲಿರೋ ನಮ್ಮ ಕನ್ನಡದವರ ಮನೆಗಳಲ್ಲಿ ಮಕ್ಕಳು ಅಮೆರಿಕದಿಂದ ತಂದ ಚಿಲ್ಲರೆ ಡಬ್ಬದಲ್ಲಿ ಬಿದ್ದಿರುತ್ತೆ ಅಲ್ವಾ, ಅದನ್ನು ತೋರಿಸೋದಕ್ಕೂ ಹೋಗಬಹುದು, ಕೊಳ್ಳೋದಕ್ಕೂ ಹೋಗಬಹುದು. ಆದರೆ ಏನು ನೋಡಬೇಕು ಅಂತ ಮೊದಲೇ ತಿಳಿದಿರಲಿ.

ಅಂಗಡಿಯ ದೊಡ್ಡ ಗುಣ, ನೋಡೋದಕ್ಕೆ ಬಿಡುತ್ತಾರೆ. ಮೇಜಿನ ಮೇಲೆ ಭೂತಗನ್ನಡಿ ಇದೆ, ಡಿಜಿಟಲ್ ತಕ್ಕಡಿ ಇದೆ, ಕೇಳಬೇಕಾಗಿಲ್ಲ. ಡೈಮ್‌ಗಳಿಗೆ ಎರಡು ಡಬ್ಬ. 1964 ಮತ್ತು ಅದಕ್ಕಿಂತ ಹಿಂದಿನವು ಒಂದರಲ್ಲಿ, 1965ರಿಂದ ಈಚಿನವು ಇನ್ನೊಂದರಲ್ಲಿ. ಈ ವಿಂಗಡಣೆ ಸರಿಯಾಗೇ ಇದೆ. 1964ರ ಇಸವಿ ಇರುವವರೆಗೆ ಡೈಮ್‌ನಲ್ಲಿ ನೂರಕ್ಕೆ 90 ಭಾಗ ಬೆಳ್ಳಿ, ತೂಕ 2.5 ಗ್ರಾಂ. ಆಮೇಲೆ ಓಡಾಡಲು ಬಿಟ್ಟಿದ್ದೆಲ್ಲ ಒಳಗೆ ತಾಮ್ರ, ಮೇಲೆ ತಾಮ್ರ-ನಿಕ್ಕಲ್ ಹೊದಿಕೆ, ತೂಕ 2.27 ಗ್ರಾಂ. ನಾಣ್ಯವನ್ನು ಬೆರಳಲ್ಲಿ ಹಿಡಿದು ಅಂಚು ನೋಡಿ: ಪೂರ್ತಿ ಬಿಳಿ ಇದ್ದರೆ ಬೆಳ್ಳಿ, ಕೆಂಪು ಗೆರೆ ಕಂಡರೆ ಹೊಸದು. ಬೆಳ್ಳಿಯ ಡೈಮ್‌ನಲ್ಲಿ 2.25 ಗ್ರಾಂ ಬೆಳ್ಳಿ ಇರುತ್ತೆ, ಅವತ್ತಿನ ಬೆಳ್ಳಿ ರೇಟಿಗೆ ಗುಣಿಸಿಕೊಂಡರೆ ಕನಿಷ್ಠ ಬೆಲೆ ಎಷ್ಟು ಅಂತ ನಿಮಗೇ ಗೊತ್ತಾಗುತ್ತೆ. ಚಾಚಾ ಅದರ ಮೇಲೆ ಸ್ವಲ್ಪ ಲಾಭ ಇಟ್ಟು ಹೇಳುತ್ತಾರೆ, ಚೌಕಾಸಿ ಮಾಡಿದರೆ ಬೇಜಾರು ಮಾಡಿಕೊಳ್ಳಲ್ಲ.

ಟಂಕಸಾಲೆಯ ಗುರುತಿನ ವಿಷಯದಲ್ಲಂತೂ ಇವರಷ್ಟು ಪ್ರಾಮಾಣಿಕರನ್ನು ನಾನು ಆ ಬೀದಿಯಲ್ಲಿ ನೋಡಿಲ್ಲ. ನಮ್ಮ ರೂಪಾಯಿಯಲ್ಲಿ ಇಸವಿಯ ಕೆಳಗೆ ವಜ್ರದಾಕಾರದ ಚುಕ್ಕಿ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತ್ತಾ ಅಂತ ಗೊತ್ತಲ್ಲ. ಡೈಮ್‌ನಲ್ಲಿ ಡಿ ಇದ್ದರೆ ಡೆನ್ವರ್, ಎಸ್ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ. ಫಿಲಡೆಲ್ಫಿಯಾದವರು 1980ರವರೆಗೆ ಡೈಮ್ ಮೇಲೆ ಗುರುತೇ ಹಾಕುತ್ತಿರಲಿಲ್ಲ, ಆ ವರ್ಷದಿಂದ ಪಿ ಹಾಕಿದರು. 1946ರಲ್ಲಿ ಶುರುವಾದ, ಅಧ್ಯಕ್ಷ ರೂಸ್‌ವೆಲ್ಟ್ ಮುಖವಿರುವ ಡೈಮ್‌ನಲ್ಲಿ 1964ರವರೆಗೆ ಗುರುತು ಹಿಂದುಗಡೆ ಪಂಜಿನ ಬುಡದ ಎಡಕ್ಕೆ, 1968ರಿಂದ ಮುಂದುಗಡೆ ಇಸವಿಯ ಮೇಲೆ. ಮಧ್ಯದ ಮೂರು ವರ್ಷ ಯಾವ ಟಂಕಸಾಲೆಯ ಗುರುತೂ ಇಲ್ಲ.

ಇಷ್ಟು ಗೊತ್ತಿಲ್ಲದೆ ಜನ ಮೋಸ ಹೋಗುತ್ತಾರೆ. ನಾನಿದ್ದಾಗಲೇ ಒಬ್ಬ ಹುಡುಗ 1975ರ ಡೈಮ್ ತಂದ. ಗುರುತಿಲ್ಲ, ಲಕ್ಷಗಟ್ಟಲೆ ಬರುತ್ತೆ ಅಂತ ಯಾವುದೋ ವಿಡಿಯೋ ನೋಡಿದ್ದ. ಲಕ್ಷಗಟ್ಟಲೆಯ 1975ರ ಡೈಮ್ ಇರೋದು ನಿಜವೇ: ಸಂಗ್ರಾಹಕರಿಗಾಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾಡಿದ ಪ್ರೂಫ್ ನಾಣ್ಯದಲ್ಲಿ ಎಸ್ ಬಿಟ್ಟುಹೋಗಿತ್ತು, ಅಂಥದ್ದು ಎರಡೇ ಸಿಕ್ಕಿವೆ, ಒಂದು 2019ರಲ್ಲಿ 4,56,000 ಡಾಲರಿಗೆ ಹರಾಜಾಯಿತು. ಆದರೆ ಹುಡುಗನದು ಫಿಲಡೆಲ್ಫಿಯಾದ ಮಾಮೂಲಿ ನಾಣ್ಯ, ಗುರುತಿಲ್ಲದಿರುವುದೇ ಅದಕ್ಕೆ ಸರಿ. ಚಾಚಾ ಪ್ರೂಫ್ ನಾಣ್ಯವೊಂದನ್ನು ಪಕ್ಕದಲ್ಲಿಟ್ಟು, ಅದರ ಹೊಳೆಯುವ ಹಿನ್ನೆಲೆ, ಚೂಪಾದ ಅಂಚು ಎಲ್ಲ ತೋರಿಸಿ ಸಮಾಧಾನವಾಗಿ ಹೇಳಿ ಕಳಿಸಿದರು. ಅದೇ 1982ರದರಲ್ಲಿ ಗುರುತಿಲ್ಲ ಅಂದರೆ ಕಥೆ ಬೇರೆ. ಆಗ ಪಿ ಇರಲೇಬೇಕಿತ್ತು, ಅಚ್ಚಿಗೆ ಅಕ್ಷರ ಹೊಡೆಯೋದು ಮರೆತು ನಾಣ್ಯ ಹೊರಗೆ ಬಂತು, ಒಹಾಯೊ ರಾಜ್ಯದ ಸ್ಯಾಂಡಸ್ಕಿ ಊರಿನ ಸುತ್ತ ತುಂಬ ಸಿಕ್ಕಿದವು. ಅದಕ್ಕೆ ನಿಜವಾಗಿಯೂ ಗಿರಾಕಿ ಇದ್ದಾರೆ.

ಈಗ ನನ್ನ ತಕರಾರು. ಬೆಳ್ಳಿಯ ಡಬ್ಬದಲ್ಲಿ ಚಾಚಾ ಇಸವಿ ನೋಡಿ ಬೆಲೆ ಹೇಳುತ್ತಾರೆ, ನಾಣ್ಯದ ಸ್ಥಿತಿ ನೋಡಿ ಅಲ್ಲ. ಹಳೇದಾದರೆ ಜಾಸ್ತಿ ಅನ್ನೋದು ಡೈಮ್‌ಗೆ ಹೊಂದಲ್ಲ. ಸವೆದುಹೋದ 1946ರದ್ದಕ್ಕೂ 1964ರದ್ದಕ್ಕೂ ಬೆಳ್ಳಿಯ ಬೆಲೆ ಬಿಟ್ಟರೆ ಬೇರೇನೂ ಇಲ್ಲ. 1964ರ ಇಸವಿಯದಂತೂ ಎರಡು ಟಂಕಸಾಲೆ ಸೇರಿ 220 ಕೋಟಿಗೂ ಜಾಸ್ತಿ ಹೊಡೆದಿದ್ದಾರೆ! ಅದಕ್ಕಿಂತ ಎಷ್ಟೋ ಈಚಿನ 1996ರ ಡಬ್ಲ್ಯು ಗುರುತಿನ ಡೈಮ್ ನೋಡಿ. ರೂಸ್‌ವೆಲ್ಟ್ ಡೈಮ್‌ಗೆ 50 ವರ್ಷ ತುಂಬಿದ್ದಕ್ಕೆ ವೆಸ್ಟ್ ಪಾಯಿಂಟ್ ಟಂಕಸಾಲೆಯಲ್ಲಿ ಸುಮಾರು ಹದಿನಾಲ್ಕೂವರೆ ಲಕ್ಷ ಮಾತ್ರ ಮಾಡಿದರು, ಚಲಾವಣೆಗೆ ಬಿಡದೆ ಸಂಗ್ರಾಹಕರ ಸೆಟ್ಟಿನೊಳಗೆ ಕೊಟ್ಟರು. ಬೆಳ್ಳಿ ಒಂದು ಚೂರೂ ಇಲ್ಲ, ಆದರೂ ಬೆಲೆ ಇದೆ.

ಸ್ಥಿತಿ ನೋಡೋದು ಹೇಗೆ ಅಂದರೆ, ಹಿಂದುಗಡೆಯ ಪಂಜಿನ ಮೇಲೂ ಕೆಳಗೂ ಜೋಡಿ ಅಡ್ಡಪಟ್ಟಿಗಳಿವೆ. ಭೂತಗನ್ನಡಿಯಲ್ಲಿ ಎರಡು ಕಡೆಯೂ ಪಟ್ಟಿಗಳು ಬೇರೆ ಬೇರೆಯಾಗಿ, ನಡುವಿನ ಗೆರೆ ಎಲ್ಲೂ ತುಂಡಾಗದೆ ಕಾಣಬೇಕು. ಇದನ್ನು ಫುಲ್ ಬ್ಯಾಂಡ್ಸ್ ಅಂತಾರೆ. ಅಚ್ಚು ಬಲವಾಗಿ ಬಿದ್ದಿದ್ದರೆ ಮಾತ್ರ ಹೀಗೆ ಬರುತ್ತೆ, ಹೊಚ್ಚಹೊಸ ನಾಣ್ಯದಲ್ಲೂ ಎಷ್ಟೋ ಸಲ ಪಟ್ಟಿಗಳು ಅಂಟಿಕೊಂಡಿರುತ್ತವೆ. ಒಂದೇ ಇಸವಿ, ಒಂದೇ ಟಂಕಸಾಲೆ, ಎರಡೂ ಹೊಸದಾಗಿರೋ ನಾಣ್ಯಗಳ ನಡುವೆ ಬೆಲೆ ಹಲವು ಪಟ್ಟು ಬದಲಾಗೋದು ಈ ಕೂದಲೆಳೆಯ ಗೆರೆಯಿಂದ. ಚಾಚಾ ಇದನ್ನು ಲೆಕ್ಕಕ್ಕೇ ತಗೊಳ್ಳಲ್ಲ, ಹಾಗಾಗಿ ತಾಳ್ಮೆಯಿಂದ ಹುಡುಕುವವರಿಗೆ ಇಲ್ಲಿ ಲಾಭ ಇದೆ.

ಎರಡನೇ ತಕರಾರು ಇನ್ನೂ ದೊಡ್ಡದು. ಒಳ್ಳೇ ನಾಣ್ಯಗಳನ್ನು ಮೆತ್ತನೆ ಪಿವಿಸಿ ಕವರಿನಲ್ಲಿ ಇಟ್ಟಿದ್ದಾರೆ. ಮುಂಬೈಯ ಸೆಕೆ, ಮಳೆಗಾಲದ ಪಸೆ, ಮೇಲೆ ಈ ಪ್ಲಾಸ್ಟಿಕ್. ಕೆಲವದರ ಮೇಲೆ ಆಗಲೇ ಹಸಿರು ಜಿಡ್ಡು ಕೂತಿದೆ. ನೋಡಿದರೆ ಹೊಟ್ಟೆ ಉರಿಯುತ್ತೆ. ಜೊತೆಗೆ ಗಿರಾಕಿಗೆ ಚೆನ್ನಾಗಿ ಕಾಣಲಿ ಅಂತ ಕೆಲವು ಬೆಳ್ಳಿ ಡೈಮ್‌ಗಳನ್ನು ಪಾಲಿಶ್ ಹಾಕಿ ಉಜ್ಜಿದ್ದಾರೆ. ಓರೆಯಾಗಿ ಬೆಳಕಿಗೆ ಹಿಡಿದರೆ ಒಂದೇ ದಿಕ್ಕಿನ ಸಣ್ಣ ಗೀರುಗಳು ಕಾಣುತ್ತವೆ. ಅಂಥದ್ದಕ್ಕೆ ಬೆಳ್ಳಿ ರೇಟು ಬಿಟ್ಟು ಒಂದು ರೂಪಾಯಿ ಜಾಸ್ತಿ ಕೊಡಬೇಡಿ. ನಿಮ್ಮ ಮನೆಯ ನಾಣ್ಯಗಳನ್ನೂ ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ದಯವಿಟ್ಟು ತೊಳೀಬೇಡಿ. ಕಪ್ಪಗಿದ್ದರೂ ಹಾಗೇ ಇರಲಿ.

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಶುಕ್ರವಾರ ಹೋಗಬೇಡಿ, ಅಂಗಡಿಗಳು ಮುಚ್ಚಿರುತ್ತವೆ, ಅವತ್ತು ಬೀದಿ ಮೇಲಿನ ಸಂತೆ ಮಾತ್ರ. ಯುಪಿಐ ತಗೋತಾರೆ, ಬಿಲ್ ಕೊಡಲ್ಲ. ಸಣ್ಣಪುಟ್ಟ ಬೆಳ್ಳಿ ಡೈಮ್‌ಗೆ ಅದು ನಡೆಯುತ್ತೆ. 1982ರಂಥ ತಪ್ಪಚ್ಚಿನ ನಾಣ್ಯಕ್ಕೆ ದೊಡ್ಡ ದುಡ್ಡು ಕೊಡೋದಾದರೆ ಪಿಸಿಜಿಎಸ್ ಅಥವಾ ಎನ್‌ಜಿಸಿ ಅನ್ನೋ ಅಮೆರಿಕದ ಸಂಸ್ಥೆಯವರು ಪರೀಕ್ಷಿಸಿ ಡಬ್ಬಿಯಲ್ಲಿ ಮುಚ್ಚಿ ಕೊಟ್ಟಿದ್ದನ್ನೇ ಕೇಳಿ, ಡಬ್ಬಿಯ ಮೇಲಿನ ನಂಬರನ್ನು ಅವರ ವೆಬ್‌ಸೈಟಿನಲ್ಲಿ ಅಂಗಡಿಯಲ್ಲೇ ನಿಂತು ಹಾಕಿ ನೋಡಿ. ಚಾಚಾ ಕಾಯುತ್ತಾರೆ.