ಮಣಿಕಟ್ಟಿನ ನೋವಿಗೆ ಮೂರು ಮೌಸ್ ಕೊಂಡೆ, ಉಳಿದದ್ದು ಬೆರಳಲ್ಲಿ ಉರುಳಿಸುವ ಚೆಂಡು

ನನ್ನದು ಕನ್ನಡ ಪುಸ್ತಕಗಳ ಡಿಟಿಪಿ ಕೆಲಸ. ದಿನಕ್ಕೆ ಎಂಟು ಗಂಟೆ ಮೌಸ್ ಹಿಡಿದು ಬಲಗೈ ಮಣಿಕಟ್ಟು ಎಷ್ಟು ನೋಯತೊಡಗಿತು ಅಂದ್ರೆ, ಚಪಾತಿ ಲಟ್ಟಿಸಲೂ ಆಗುತ್ತಿರಲಿಲ್ಲ. ಒಂದೂವರೆ ವರ್ಷದಲ್ಲಿ ಮೂರು ಸಾಧನ ಬದಲಿಸಿದೆ. ಈಗ ಮೇಜಿನ ಮೇಲಿರುವುದು ತೋರುಬೆರಳು, ನಡುಬೆರಳಿನಿಂದ ಉರುಳಿಸುವ ಟ್ರ್ಯಾಕ್‌ಬಾಲ್. ಅಂದರೆ ಸಾಧನ ಇದ್ದಲ್ಲೇ ಇರುತ್ತದೆ, ಅದರ ಮೇಲಿನ ಚೆಂಡು ಉರುಳಿಸಿದರೆ ಪರದೆಯ ಮೇಲೆ ಕರ್ಸರ್ ಓಡುತ್ತದೆ. ಇದನ್ನೇ ಮೊದಲು ಕೊಂಡಿದ್ದರೆ ಅಷ್ಟು ನೋವೂ ತಪ್ಪುತ್ತಿತ್ತು, ದುಡ್ಡೂ ಉಳಿಯುತ್ತಿತ್ತು.

ಮೊದಲು ತಂದದ್ದು 1,100 ರೂಪಾಯಿಯ ವರ್ಟಿಕಲ್ ಮೌಸ್. ಕೈ ಕುಲುಕುವಾಗ ಇರುವ ಹಾಗೆ ಅಂಗೈ ನಿಲ್ಲುತ್ತದೆ, ಮುಂಗೈ ತಿರುಚಿಕೊಳ್ಳುವುದಿಲ್ಲ. ಆದರೆ ಗುಂಡಿ ಪಕ್ಕದಲ್ಲಿರುವುದರಿಂದ ಕ್ಲಿಕ್ ಮಾಡಿದಾಗಲೆಲ್ಲ ಮೌಸ್ ಸ್ವಲ್ಪ ಸರಿಯುತ್ತಿತ್ತು. ಚಿತ್ರವನ್ನು ಗೆರೆಗೆ ಸರಿಯಾಗಿ ಕೂರಿಸುವವರಿಗೆ ಇದು ಆಗಿಬರುವುದಿಲ್ಲ.

ಆಮೇಲೆ ಹೆಬ್ಬೆರಳಿನ ಟ್ರ್ಯಾಕ್‌ಬಾಲ್. ಎರಡು ತಿಂಗಳು ಹಾಯಾಗಿತ್ತು. ಮೂರನೇ ತಿಂಗಳು ಹೆಬ್ಬೆರಳಿನ ಬುಡ ಹಿಡಿದುಕೊಂಡಿತು. ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಕೈಯನ್ನು ಕಿರುಬೆರಳಿನ ಕಡೆ ಬಗ್ಗಿಸಿ ಅಂದರು ಫಿಸಿಯೋಥೆರಪಿಸ್ಟ್. ಬಗ್ಗಿಸಿದ ಕೂಡಲೇ ಜೀವ ಹೋದಂತಾಯಿತು. ಮಣಿಕಟ್ಟಿನ ಕೆಲಸವನ್ನೆಲ್ಲ ಒಂದೇ ಬೆರಳಿನ ಸ್ನಾಯುರಜ್ಜುಗಳ ಮೇಲೆ ಹೊರಿಸಿದ್ದೆ.

ಮೂರನೆಯದರಲ್ಲಿ ದೊಡ್ಡ ಚೆಂಡು, ಅದರ ಸುತ್ತ ಸ್ಕ್ರೋಲ್ ಮಾಡಲು ಒಂದು ಬಳೆ. ಇದಕ್ಕೂ ಒಂದು ತಾಪತ್ರಯ ಇತ್ತು: ಡ್ರ್ಯಾಗ್. ಒಂದು ಪ್ಯಾರಾ ಸೆಲೆಕ್ಟ್ ಮಾಡಬೇಕಾದರೆ ಹೆಬ್ಬೆರಳಿನಿಂದ ಗುಂಡಿ ಒತ್ತಿ ಹಿಡಿದು, ಉಳಿದ ಬೆರಳುಗಳಿಂದ ಚೆಂಡು ಉರುಳಿಸಬೇಕು. ಮತ್ತೆ ಅದೇ ಹೆಬ್ಬೆರಳು! ಪುಟದ ಕೊನೆಗೆ ಬರುವಷ್ಟರಲ್ಲಿ ಗುಂಡಿ ಜಾರಿ, ಸೆಲೆಕ್ಷನ್ ಪೂರ್ತಿ ಹೋಗಿಬಿಡುತ್ತಿತ್ತು. ಮೊದಲ ವಾರ ವಾಪಸ್ ಕಳಿಸೋಣ ಅಂತಲೇ ಇದ್ದೆ.

ನನ್ನನ್ನು ಉಳಿಸಿದ್ದು ವಿಂಡೋಸ್‌ನಲ್ಲೇ ಇರುವ ಕ್ಲಿಕ್‌ಲಾಕ್. ಮೌಸ್ ಸೆಟ್ಟಿಂಗ್‌ನ ಬಟನ್ಸ್ ವಿಭಾಗದಲ್ಲಿ ಟಿಕ್ ಹಾಕಿದರೆ ಸಾಕು. ಗುಂಡಿಯನ್ನು ಒಂದು ಕ್ಷಣ ಒತ್ತಿ ಬಿಟ್ಟರೆ ಹಿಡಿದ ಹಾಗೇ ಉಳಿಯುತ್ತದೆ. ಆರಾಮಾಗಿ ಚೆಂಡು ಉರುಳಿಸಿ, ಕೊನೆಯಲ್ಲಿ ಇನ್ನೊಮ್ಮೆ ಒತ್ತಿದರೆ ಬಿಡುತ್ತದೆ. ಎಷ್ಟು ಹೊತ್ತು ಒತ್ತಬೇಕು ಅನ್ನುವುದನ್ನೂ ಅಲ್ಲೇ ಕಡಿಮೆ ಮಾಡಿಕೊಳ್ಳಬಹುದು.

ವಾರಕ್ಕೊಮ್ಮೆ ಚೆಂಡು ತೆಗೆದು ಒಳಗಿನ ಕೊಳೆ ಒರೆಸಬೇಕು, ಅಷ್ಟೆ.

ಮೌಸನ್ನು ಎಡಗೈಗೆ ಹಾಕಿಕೋ ಅಂತ ತುಂಬಾ ಜನ ಹೇಳಿದರು. ನಾನು ಟೈಪ್ ಮಾಡುವುದು ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ. ಅದರಲ್ಲಿ ಪ್ರತಿ ಒತ್ತಕ್ಷರಕ್ಕೂ ‘ಎಫ್’ ಕೀಲಿ ಬೇಕು, ‘ಅಕ್ಕ’ ಅಂತ ಬರೆಯಲೂ ಬೇಕು. ಅದು ಎಡಗೈ ತೋರುಬೆರಳಿನ ಪಾಲು. ಆ ಕೈ ಆಗಲೇ ಜಾಸ್ತಿ ದುಡಿಯುತ್ತಿದೆ, ಅಲ್ವಾ? ಹಾಗಾಗಿ ಚೆಂಡನ್ನು ಬಲಗಡೆಯೇ ಇಟ್ಟುಕೊಂಡೆ.

ಇದಕ್ಕೆ ಕೊಟ್ಟದ್ದು ಸುಮಾರು 5,000 ರೂಪಾಯಿ. ನಿಮ್ಮದು ಬರೀ ಟೈಪಿಂಗ್, ಮೌಸ್ ಬಳಕೆ ಕಡಿಮೆ ಅಂತಾದರೆ ಸುಮ್ನೆ ಅಷ್ಟು ಸುರಿಯಬೇಡಿ, ಅಗ್ಗದ ವರ್ಟಿಕಲ್ ಮೌಸ್ ಸಾಕಾಗಬಹುದು. ನಾನಂತೂ ಆಫೀಸಿನ ಮೇಜಿಗೂ ಇಂಥದೇ ಇನ್ನೊಂದು ಕೊಳ್ಳಲು ದುಡ್ಡು ಕೂಡಿಸುತ್ತಿದ್ದೇನೆ.