ಮೃಗಾಲಯದ ದಿನಕ್ಕೊಂದು ಪುಟ್ಟ ಬೈನಾಕ್ಯುಲರ್: ಪೆಂಟಾಕ್ಸ್ ಪ್ಯಾಪಿಲಿಯೊ 6.5×21

ಮನೆಮಂದಿ, ಗೆಳೆಯರು, ಮಕ್ಕಳು ಎಲ್ಲ ಸೇರಿ ಮೃಗಾಲಯಕ್ಕೆ ಹೊರಟಾಗ ‘ಪ್ರಾಣಿ ಎದುರಿಗೇ ಇರುತ್ತಲ್ಲ, ಬೈನಾಕ್ಯುಲರ್ ಯಾಕೆ’ ಅನ್ನುವವರೇ ಹೆಚ್ಚು. ತರುವವರು ಬಹುಪಾಲು 10×42, ಅಂದರೆ ಹತ್ತು ಪಟ್ಟು ಹಿಗ್ಗಿಸುವ, ಮುಂದಿನ ಲೆನ್ಸಿನ ವ್ಯಾಸ 42 ಮಿಮೀ ಇರುವಂಥದ್ದು, ತರುತ್ತಾರೆ. ಗಾಜಿನಾಚೆ ಒಂದು ಮೊಳ ದೂರದಲ್ಲಿ ಕೂತ ಊಸರವಳ್ಳಿಯ ಮುಂದೆ ನಿಂತು ಚಕ್ರವನ್ನು ಎಷ್ಟು ತಿರುಗಿಸಿದರೂ ಹಸಿರು ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಸಾಮಾನ್ಯ 42 ಮಿಮೀ ಬೈನಾಕ್ಯುಲರ್‌ಗಳಲ್ಲಿ ಹೆಚ್ಚಿನವು ಒಂದೂವರೆಯಿಂದ ಮೂರು ಮೀಟರಿಗಿಂತ ಹತ್ತಿರದ ವಸ್ತುವಿಗೆ ಫೋಕಸ್ ಆಗುವುದೇ ಇಲ್ಲ. ಹಾಗಾಗಿ ಮೃಗಾಲಯಕ್ಕೆಂದು ಕೊಳ್ಳುವವರು ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಕೇಳುವ ಮೊದಲು ಎಷ್ಟು ಹತ್ತಿರದವರೆಗೆ ಫೋಕಸ್ ಆಗುತ್ತದೆ ಎಂದು ಕೇಳಬೇಕು.

ಪ್ಯಾಪಿಲಿಯೊದಲ್ಲಿ ಆ ಅಂಕಿ ಅರ್ಧ ಮೀಟರು. ತೂಕ ಸುಮಾರು 290 ಗ್ರಾಂ, ಅಜ್ಜಿಯ ಕೈಗೂ ಭಾರವೆನಿಸದು. ಮಾಮೂಲಿ ಬೈನಾಕ್ಯುಲರ್‌ನಲ್ಲಿ ತೀರಾ ಹತ್ತಿರದ್ದನ್ನು ನೋಡಹೋದರೆ ಎರಡು ಕೊಳವೆಗಳೂ ಬೇರೆ ಬೇರೆ ಜಾಗ ನೋಡುತ್ತವೆ, ಚಿತ್ರ ಎರಡಾಗುತ್ತದೆ. ಇದರಲ್ಲಿ ಫೋಕಸ್ ಹತ್ತಿರ ಬಂದಂತೆಲ್ಲ ಮುಂದಿನ ಎರಡು ಲೆನ್ಸುಗಳೂ ಒಂದರತ್ತ ಒಂದು ಸರಿಯುತ್ತವೆ. ಅರ್ಧ ಮೀಟರಿನಲ್ಲಿರುವ ಜೀವಿಯನ್ನು 6.5 ಪಟ್ಟು ಹಿಗ್ಗಿಸಿದರೆ ಸುಮಾರು 8 ಸೆಂಮೀ ದೂರದಿಂದ ನೋಡಿದ ಹಾಗಾಯಿತು. ದೊಡ್ಡವರ ಬರಿಗಣ್ಣು ಅಷ್ಟು ಹತ್ತಿರ ಹೋದರೆ ಮಂಜಾಗುತ್ತದೆ.

ಇದರ ಮಹತ್ವ ತಿಳಿಯುವುದು ಸರೀಸೃಪಗಳ ಕೋಣೆಯಲ್ಲಿ. ರಾತ್ರಿ ಓಡಾಡುವ ಗೆಕ್ಕೊ ಹಲ್ಲಿಯ ಕಣ್ಣಿಗೆ ಹಿಡಿಯಿರಿ. ಬೆಳಕಿನಲ್ಲಿ ಅದರ ಪಾಪೆ ನೇರ ಗೀರಾಗಿ ಮುಚ್ಚಿಕೊಂಡು, ಆ ಗೀರಿನ ಉದ್ದಕ್ಕೂ ಸೂಜಿಮೊನೆಯಷ್ಟು ತೂತುಗಳು ಮಾತ್ರ ಉಳಿದಿರುತ್ತವೆ. ಮೊಸಳೆಯ ಕಣ್ಣಿನ ಮುಂದಿನ ಮೂಲೆಯಿಂದ ತೆಳುವಾದ ಮೂರನೇ ರೆಪ್ಪೆ ಹಿಂದಕ್ಕೆ ಸರಿದುಹೋಗುವುದನ್ನು ಒಮ್ಮೆ ಕಂಡ ಮಗು ಅಲ್ಲಿಂದ ಬೇಗ ಕದಲುವುದಿಲ್ಲ. ‘ಏನೂ ಮಾಡ್ತಿಲ್ಲ, ಸುಮ್ನೆ ಬಿದ್ಕೊಂಡಿದೆ’ ಎಂದು ಮುಂದೆ ಹೋಗುವವರು ಕಳೆದುಕೊಳ್ಳುವುದು ಇದನ್ನೇ. ಕಂದಕದಾಚೆ 15 ಮೀಟರು ದೂರದ ಹುಲಿಗೂ ಈ ಉಪಕರಣ ಸಾಕು: ನೋಟದ ಅಗಲ 7.5 ಡಿಗ್ರಿ, ಅಂದರೆ ಅಷ್ಟು ದೂರದಲ್ಲಿ ಎರಡು ಮೀಟರಿನಷ್ಟು ಜಾಗ. ಕಿವಿಯ ಹಿಂದಿನ ಬಿಳಿ ಮಚ್ಚೆ, ದುಂಡನೆಯ ಪಾಪೆ ನಿಚ್ಚಳವಾಗಿ ಕಾಣುತ್ತವೆ.

ಇಡೀ ಗುಂಪಿಗೆ ಒಂದೇ ಬೈನಾಕ್ಯುಲರ್ ಇದ್ದರೆ ಎಡವಟ್ಟಾಗುವುದು ಹೊಂದಿಸುವುದರಲ್ಲಿ. ಗೇಟಿನ ಬಳಿ ಹತ್ತು ನಿಮಿಷ ಇದಕ್ಕೆಂದೇ ಇಡಿ. ಮೊದಲು ಕಣ್ಣಿಟ್ಟು ನೋಡುವ ಎರಡು ಕೊಳವೆಗಳ ನಡುವಿನ ಅಂತರ ಹೊಂದಿಸಿ, ಎರಡು ವೃತ್ತ ಒಂದಾಗುವ ತನಕ. ಕನ್ನಡಕದವರು ಐಕಪ್ (ಕಣ್ಣಿಗೆ ತಾಗುವ ಬಳೆಯಂಥ ಅಂಚು) ಒಳಗೆ ತಿರುಗಿಸಿಕೊಳ್ಳಲಿ, ಉಳಿದವರು ಹೊರಗೆ. ಆಮೇಲೆ ಹತ್ತು ಮೀಟರು ದೂರದ ಫಲಕವೊಂದರ ಅಕ್ಷರ ನೋಡುತ್ತಾ ಬಲಗಣ್ಣು ಮುಚ್ಚಿ, ನಡುವಿನ ಚಕ್ರದಿಂದ ಎಡಗಣ್ಣಿಗೆ ಸ್ಪಷ್ಟ ಮಾಡಿ. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ ಬಲಗಡೆಯ ಡಯಾಪ್ಟರ್ ಉಂಗುರವನ್ನಷ್ಟೇ (ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವುದು ಇದೇ) ಸ್ಪಷ್ಟವಾಗುವ ತನಕ ತಿರುಗಿಸಿ. ಆ ಉಂಗುರ ನಿಂತ ಜಾಗವನ್ನು ಪ್ರತಿಯೊಬ್ಬರೂ ನೆನಪಿಟ್ಟುಕೊಳ್ಳಬೇಕು. ದಿನವಿಡೀ ಚಕ್ರ ಯಾರು ಬೇಕಾದರೂ ತಿರುಗಿಸಲಿ. ಉಂಗುರ ಒಬ್ಬರ ಅಳತೆಗಿದ್ದು ಇನ್ನೊಬ್ಬರು ಹಾಗೆಯೇ ನೋಡುತ್ತಾ ಹೋದರೆ ಮಧ್ಯಾಹ್ನದ ಹೊತ್ತಿಗೆ ತಲೆನೋವು ಹಿಡಿಯುತ್ತದೆ, ಬಿಸಿಲಿಗೆ ಬಂತು ಅಂದುಕೊಳ್ಳುತ್ತಾರೆ.

ಐದಾರು ವರ್ಷದ ಮಕ್ಕಳ ಕಣ್ಣುಗಳ ನಡುವಿನ ಅಂತರ ಎಷ್ಟೋ ಬೈನಾಕ್ಯುಲರ್‌ಗಳ ಕೀಲು ಮಡಚುವ ಮಿತಿಗಿಂತ ಕಡಿಮೆ. ಎರಡು ವೃತ್ತ ಒಂದಾಗದೆ ಮಗು ಕೈಬಿಟ್ಟರೆ ಗದರಬೇಡಿ. ಎಡಗಡೆಯ ಕೊಳವೆಯೊಂದರಲ್ಲೇ, ದೂರದರ್ಶಕ ಹಿಡಿದ ಹಾಗೆ, ನೋಡಲು ಹೇಳಿಕೊಡಿ. ಚೆನ್ನಾಗಿಯೇ ನೋಡುತ್ತದೆ.

ಗಾಜಿನ ಮುಂದೆ ಓರೆಯಾಗಿ ನಿಂತರೆ ಚಿತ್ರ ಮಸುಕಾಗುತ್ತದೆ, ದಪ್ಪ ಗಾಜಾದರೆ ನೆರಳಿನಂತೆ ಇನ್ನೊಂದು ಚಿತ್ರವೂ ಮೂಡುತ್ತದೆ. ನೇರ ಎದುರು ನಿಂತು, ಲೆನ್ಸನ್ನು ಗಾಜಿಗೆ ಒಂದೆರಡು ಬೆರಳಷ್ಟು ಹತ್ತಿರ ಹಿಡಿದು, ಸುತ್ತಲೂ ಕೈಯಿಂದಲೋ ಗಾಢ ಬಣ್ಣದ ಬಟ್ಟೆಯಿಂದಲೋ ಮರೆ ಮಾಡಿದರೆ ಪ್ರತಿಫಲನ ಹೋಗುತ್ತದೆ. ಗಾಜಿಗೆ ತಟ್ಟಬೇಡಿ. ಬಲೆಯ ಪಂಜರವಾದರೆ ಕಟಕಟೆ ಬಿಡುವಷ್ಟು ಹತ್ತಿರ ಹೋಗಿ, ಆಚೆಯ ಹಕ್ಕಿಗೆ ಫೋಕಸ್ ಮಾಡಿ. ಬಲೆ ತಾನಾಗಿ ಕರಗಿಹೋಗುತ್ತದೆ. ಎತ್ತರದ ಪಕ್ಷಿಗೃಹದಲ್ಲಿ ಮಾತ್ರ ಮಕ್ಕಳ ಕೈಗೆ ಕೊಟ್ಟು ದೂರ ಹೋಗಬಾರದು. ಹಕ್ಕಿಯ ಬೆನ್ನು ಹತ್ತಿ ಹೋದ ಲೆನ್ಸು ಸೂರ್ಯನ ಮೇಲೆ ಬಿದ್ದರೆ ಕ್ಷಣದಲ್ಲಿ ಕಣ್ಣಿಗೆ ಶಾಶ್ವತ ಹಾನಿಯಾಗಬಹುದು.

ಕೊರತೆಗಳು ಇಲ್ಲದಿಲ್ಲ. ನಿಶಾಚರ ಪ್ರಾಣಿಗಳ ಕತ್ತಲೆ ಕೋಣೆಯಲ್ಲಿ ಇದು ಸೋಲುತ್ತದೆ. 21ನ್ನು 6.5ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ವ್ಯಾಸ 3.2 ಮಿಮೀ, 8×42ರಲ್ಲಿ ಅದು 5.25. ಕತ್ತಲಲ್ಲಿ ಅರಳಿದ ಪಾಪೆಗೆ 3.2 ಸಾಲದು. ಅಲ್ಲಿ ಬೈನಾಕ್ಯುಲರನ್ನು ಚೀಲಕ್ಕಿಟ್ಟು, ಬರಿಗಣ್ಣು ಕತ್ತಲೆಗೆ ಒಗ್ಗಲು ಹತ್ತು ನಿಮಿಷ ಕೊಡುವುದೇ ಮೇಲು. ನೀರೂ ಇದಕ್ಕೆ ಆಗಿಬರುವುದಿಲ್ಲ, ಮಳೆ ಶುರುವಾದರೆ ಒಳಗಿಡಿ. ತಂಪು ಕೋಣೆಯಿಂದ ಚಿಟ್ಟೆಗಳ ಬೆಚ್ಚನೆಯ ತೇವದ ಮನೆಗೆ ಹೋದಾಗ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ, ಹದಿನೈದು ನಿಮಿಷ ಚೀಲದಲ್ಲೇ ಬಿಟ್ಟು ಆಮೇಲೆ ತೆಗೆಯಿರಿ. ವಿಶಾಲವಾದ ಬಯಲಿನ ಆವರಣಗಳೇ ಹೆಚ್ಚಿರುವ ಮೃಗಾಲಯವಾದರೆ 8×42 ಒಳ್ಳೆಯದು. 10× ಮಾತ್ರ ಬೇಡ, ನಡೆದು ದಣಿದ ಕೈಯಲ್ಲಿ ಅದರ ಚಿತ್ರ ನಿಲ್ಲುವುದಿಲ್ಲ.

ಪಟ್ಟಿಯನ್ನು ಎದೆಯ ಮಟ್ಟಕ್ಕೆ ಗಿಡ್ಡ ಮಾಡಿ. ಉದ್ದ ಬಿಟ್ಟರೆ ಮಗು ಬಗ್ಗಿದಾಗೆಲ್ಲ ಕಟಕಟೆಗೆ ಹೊಡೆಯುತ್ತದೆ. ಬಲವಾದ ಪೆಟ್ಟು ಬಿದ್ದರೆ ಒಳಗಿನ ಪ್ರಿಸಂ ಜರುಗಬಹುದು. ಸಂಶಯ ಬಂದರೆ ದೂರದ ಸೂರಿನ ಅಡ್ಡಗೆರೆಗೆ ಹಿಡಿದು, ನಿಧಾನವಾಗಿ ಕಣ್ಣಿನಿಂದ ಒಂದು ಗೇಣು ಹಿಂದಕ್ಕೆ ತನ್ನಿ. ಎಡ-ಬಲದ ಗೆರೆಗಳು ಒಂದೇ ಮಟ್ಟದಲ್ಲಿದ್ದರೆ ಸರಿ. ಒಂದು ಮೇಲೆ, ಒಂದು ಕೆಳಗೆ ಕಂಡರೆ ರಿಪೇರಿಗೆ ಕೊಡಿ, ಮನೆಯಲ್ಲಿ ಬಿಚ್ಚಬೇಡಿ.